ಆಚೆ ರೂಮಿನ ಸಾಕ್ಷಿ

“ಕೊಳ್ಳೋರಿಗೆ ಈ ಬಾಗಿಲು, ಮಾರೋರಿಗೆ ಆ ಬಾಗಿಲು. ನೀವು ಯಾವ ಕಡೆಯೋರು?”

“ಯಾವ ಕಡೆಯೂ ಅಲ್ಲ. ಕೇಳೋಕೆ ಬಂದಿರೋಳು.”

“ಕೇಳೋರಿಗೆ ಇಲ್ಲಿ ಬಾಗಿಲಿಲ್ಲ. ಫೋನ್ ಮಾಡಿ.”

“ಫೋನ್ ಮಾಡಿದ್ರೆ ನೀವು ಎತ್ತಲ್ಲ.”

“ಎತ್ತೋಕೆ ಕೈ ಖಾಲಿ ಇರಬೇಕಲ್ಲ ಮೇಡಂ,” ಎಂದು ಗುಮಾಸ್ತ ಕೈಯಲ್ಲಿದ್ದ ದುಂಡನೆಯ ಸೀಲನ್ನು ನನ್ನ ಮುಖದ ಮುಂದೆ ಎತ್ತಿ ತೋರಿಸಿದ. ಊಟಕ್ಕೆ ಕೂತಾಗಲೂ ಅದನ್ನು ಕೆಳಗಿಡುವುದಿಲ್ಲವಂತೆ. ಕಟ್ಟಡದವರೆಲ್ಲ ಅವನನ್ನು ಸೀಲಪ್ಪ ಎಂದೇ ಕರೆಯುತ್ತಾರೆ. ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ.

ನನ್ನ ಹಿಂದೆ ನಿಂತಿದ್ದ ಲಿಫ್ಟ್ ಮೆಕ್ಯಾನಿಕ್ ಹಲ್ಲು ಕಡಿಯುತ್ತಿದ್ದ. ಪತ್ತೇದಾರಿಕೆ ನನ್ನ ಕಸುಬು, ನನ್ನನ್ನು ಈ ಕೆಲಸಕ್ಕೆ ಹಚ್ಚಿದವನು ಇವನೇ. ಈ ವಕೀಲರ ಕಚೇರಿಯ ಮೂಲಕ ಮನೆ ಕೊಂಡು, ಬಣ್ಣ ಹೊಡೆಸಿ, ಸಂಸಾರ ಹೂಡಿ ಉಸಿರು ಬಿಡುವಷ್ಟರಲ್ಲಿ ಒಬ್ಬ ಹೆಂಗಸು ಬಾಗಿಲಿಗೆ ಬಂದು, ‘ಇದು ನನ್ನ ಮನೆ, ನಾನು ಯಾರಿಗೂ ಮಾರಿಲ್ಲ’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದಳು. ಮನೆ ಅವಳ ಹೆಸರಿನಲ್ಲಿದ್ದದ್ದು ನಿಜ. ಕ್ರಯಪತ್ರದ ಮೇಲಿದ್ದ ಸಹಿ ಅವಳದರಂತೆ ಇರಲಿಲ್ಲ ಎನ್ನುವುದೂ ನಿಜ.

ಹಾಗಾದರೆ ಇಲ್ಲಿ ಕೂತು ಅವಳ ಹೆಸರಿನಲ್ಲಿ ಸಹಿ ಹಾಕಿ, ದುಡ್ಡು ಎತ್ತಿಕೊಂಡು ಹೋದ ಕಳ್ಳಿ ಯಾರು? ಅವಳು ಸಿಗದಿದ್ದರೆ ಮೆಕ್ಯಾನಿಕ್‌ಗೆ ಮನೆಯೂ ಇಲ್ಲ, ಕೊಟ್ಟ ದುಡ್ಡೂ ಇಲ್ಲ. ಅವನ ಅತ್ತೆ ತಾವಿದ್ದ ಪುಟ್ಟ ಮನೆಯನ್ನು ಮಾರಿ ಇದಕ್ಕೇ ಸುರಿದಿದ್ದರು. ಅತ್ತೆ, ಅಳಿಯ, ಮಗಳು, ಮೂವರೂ ಒಂದೇ ಏಟಿಗೆ ಬೀದಿಗೆ.

“ಕೂತಿರ್ತೀವಿ,” ಎಂದೆ.

“ಸಾಯಂಕಾಲ ಆಗುತ್ತೆ.”

“ಆಗಲಿ.”

ಕೊಳ್ಳುವವರ ಬೆಂಚು ತುಂಬಿತ್ತು. ಮನೆ ಕೊಳ್ಳುವುದು ಸಂತೋಷದ ಕೆಲಸ ಎಂದು ನಂಬಿದವರು ಒಮ್ಮೆ ಆ ಬೆಂಚಿನ ಮೇಲೆ ಕೂತು ಬರಬೇಕು. ಒಬ್ಬಾಕೆ ಸಾಮಾನು ಸಾಗಿಸುವ ಲಾರಿಯವನಿಗೆ ಫೋನಿನಲ್ಲಿ ‘ಇನ್ನೊಂದು ವಾರ ತಡ್ಕೊಳ್ಳಪ್ಪ’ ಎಂದು ಗೋಗರೆಯುತ್ತಿದ್ದಳು. ಅವಳ ಪಕ್ಕದ ಮುದುಕರು ತಾವು ತಂದ ದಾಖಲೆಗಳನ್ನು ಕಚೇರಿಯವರು ಎರಡು ಸಲ ಕಳೆದು ಎರಡು ಸಲವೂ ತಮ್ಮನ್ನೇ ಬೈದರೆಂದು ಯಾರಿಗೆಂದಿಲ್ಲದೆ ಹೇಳುತ್ತಿದ್ದರು. ಯಾರು ಏನು ಕೇಳಿದರೂ ಸೀಲಪ್ಪನದು ಒಂದೇ ಉತ್ತರ: “ಫೈಲು ಮೇಲಿದೆ.”

“ಇದೇ ಕೊನೇ ಮಹಡಿ,” ಎಂದು ಮೆಕ್ಯಾನಿಕ್ ನನ್ನ ಕಿವಿಯಲ್ಲಿ ಗೊಣಗಿದ. “ಇದರ ಮೇಲೆ ಲಿಫ್ಟಿನ ಮೋಟಾರು, ನೀರಿನ ಟ್ಯಾಂಕು. ಫೈಲು ಯಾವುದರೊಳಗಿದೆಯಂತೆ?”

ಇಲ್ಲಿಯ ಪದ್ಧತಿಯೇ ವಿಚಿತ್ರ. ಕೊಳ್ಳುವವರು ಮಾರುವವರ ಮುಖ ನೋಡುವಂತಿಲ್ಲ. ಎದುರುಬದುರು ಕೂರಿಸಿದರೆ ಕೊನೇ ಗಳಿಗೆಯಲ್ಲಿ ಕಿತ್ತಾಡುತ್ತಾರೆ ಎಂದು ವಕೀಲರು ಎರಡು ಬಾಗಿಲು, ಎರಡು ರೂಮು ಮಾಡಿಸಿದ್ದಾರೆ. ನಡುವೆ ಮಸುಕು ಗಾಜು. ಕಾಗದಗಳು ಮಾತ್ರ ಸೀಲಪ್ಪನ ಕಂಕುಳಲ್ಲಿ ಅತ್ತಿಂದಿತ್ತ ಓಡಾಡುತ್ತವೆ. ನೋಂದಣಿಗೂ ಯಾರೂ ಖುದ್ದಾಗಿ ಹೋಗಬೇಕಿಲ್ಲ, ಸಹಿಯಾದದ್ದನ್ನು ಕಚೇರಿಯೇ ಕಳಿಸಿಕೊಡುತ್ತದೆ. ಕಳ್ಳರಿಗೆ ಇದಕ್ಕಿಂತ ಒಳ್ಳೆಯ ಅನುಕೂಲವನ್ನು ಯಾರು ತಾನೇ ಮಾಡಿಕೊಟ್ಟಾರು?

ಅಷ್ಟರಲ್ಲಿ ಸೀಲಪ್ಪ ಆಚೆ ರೂಮಿನಿಂದ ಒಂದು ಹಾಳೆ ಹಿಡಿದು ಬಂದ. ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಕೂತಿದ್ದ ಒಬ್ಬ ಯುವಕನ ಮುಂದೆ ಬಗ್ಗಿದ.

“ಸಾರ್, ಇಲ್ಲೊಂದು ಸೈನ್ ಹಾಕಿ. ಆಚೆ ರೂಮಿನೋರ ಸಾಕ್ಷಿ ಇನ್ನೂ ಬಂದಿಲ್ಲ.”

ಅವನು ಹಾಳೆಯನ್ನು ಹೆಲ್ಮೆಟ್ ಮೇಲಿಟ್ಟು ಸರಸರನೆ ಸಹಿ ಗೀಚಿ ಕೊಟ್ಟ. ಸೀಲಪ್ಪ ಅತ್ತ ಹೋದ ಮೇಲೆ ಕೇಳಿದೆ, “ಏನಕ್ಕೆ ಹಾಕಿದ್ರಿ?”

“ಗೊತ್ತಿಲ್ಲ ಆಂಟಿ. ಆಚೆಯೋರಿಗೆ ಸಾಕ್ಷಿ ಬೇಕಂತೆ.”

“ಆಚೆಯೋರು ನಿಮಗೆ ಪರಿಚಯವಾ?”

“ಇಲ್ವಲ್ಲ!” ಎಂದು ನಕ್ಕ. “ನಾಳೆ ನನ್ನ ಕಾಗದಕ್ಕೂ ಯಾರಾದ್ರೂ ಹಾಕಬೇಕಲ್ಲ. ಬೇಡ ಅಂದ್ರೆ ನನ್ನ ಫೈಲು ಇನ್ನೂ ಹಿಂದಕ್ಕೆ ಹೋಗುತ್ತೆ.”

ಮೈ ಉರಿಯಿತು. ಆದರೆ ಅದನ್ನು ಅಲ್ಲಿಗೇ ಬಿಟ್ಟೆ. ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆಯೇ, ಅದು ನನ್ನ ಚೀಲದಲ್ಲಿ ಝಣಗುಡುತ್ತಿತ್ತು.

ಎದ್ದು ಮಾರುವವರ ಬಾಗಿಲನ್ನು ತಳ್ಳಿ ನಡೆದುಬಿಟ್ಟೆ.

“ಮೇಡಂ! ಅದು ಮಾರೋರದು! ಮೇಡಂ!” ಸೀಲಪ್ಪನ ಕೂಗು ಹಿಂದೆ ಬಂತು. ಅದರ ಹಿಂದೆಯೇ ಮೆಕ್ಯಾನಿಕ್‌ನ ಭಾರವಾದ ಬೂಟುಗಳ ಸದ್ದೂ ಬಂತು. ಮಾರುವವರ ರೂಮಿನಲ್ಲಿ ಮೆತ್ತನೆಯ ಸೋಫಾ, ಫ್ಯಾನು, ಕುಡಿಯಲು ತಣ್ಣನೆಯ ನೀರು. ದುಡ್ಡು ತೆಗೆದುಕೊಳ್ಳುವವರಿಗೆ ಸೋಫಾ, ಕೊಡುವವರಿಗೆ ಬೆಂಚು. ಸೋಫಾದ ಮೇಲಿದ್ದ ದಂಪತಿಗಳು ನಮ್ಮನ್ನು ಕಂಡು ಬೆಚ್ಚಿ ಕಾಲು ಮೇಲೆಳೆದುಕೊಂಡರು. ಅವರನ್ನು ದಾಟಿದರೆ ವಕೀಲರ ಖಾಸಗಿ ಕೋಣೆ.

“ಬನ್ನಿ ತಾಯೀ, ಬನ್ನಿ,” ಎಂದು ವಕೀಲರು ಕುರ್ಚಿಯಿಂದ ಅರ್ಧ ಎದ್ದರು. “ಹೇಳಿ ಕಳಿಸಿದ್ರೆ ನಾನೇ ಹೊರಗೆ ಬರ್ತಿದ್ದೆ.”

ಇವರನ್ನು ಬೆಣ್ಣೆ ವಕೀಲರು ಎನ್ನುವುದು ಸುಮ್ಮನೆ ಅಲ್ಲ. ಕೆನ್ನೆ, ಕೈ, ಮಾತು, ಎಲ್ಲವೂ ಒಂದೇ ಹದ. ಇಂಥವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಬಯ್ಯುವವರಿಗೆ ತಿರುಗಿ ಬಯ್ಯಬಹುದು. ಇವರು ನಮ್ಮ ಕತ್ತು ಕೊಯ್ಯುವಾಗಲೂ ‘ನೋವಾಗ್ತಿದೆಯಾ ತಾಯೀ’ ಎಂದು ಕೇಳುವ ಪೈಕಿ.

“ನಿಮ್ಮನ್ನ ಜಿಗಣೆ ಅಂತಾರಂತೆ?” ನಗುತ್ತ ಕೇಳಿದರು.

“ಕಚ್ಚಿಸಿಕೊಂಡೋರು ಅಂತಾರೆ. ನಿಮಗಿನ್ನೂ ಕಚ್ಚಿಲ್ಲ.”

ನಾನು ಕೂತೆ. ಮೆಕ್ಯಾನಿಕ್ ಕೂರಲಿಲ್ಲ.

“ಮಾರಿದ ಹೆಂಗಸನ್ನ ನೀವು ಕಣ್ಣಲ್ಲಿ ನೋಡಿದ್ರಾ?”

“ನಾನು ಕಾಗದ ನೋಡೋನು ತಾಯೀ, ಮುಖ ನೋಡೋನಲ್ಲ.”

“ಗುರುತಿನ ಚೀಟಿ?”

“ಸರಿಯಾಗೇ ಇತ್ತು. ಫೋಟೋ ಸ್ವಲ್ಪ ಹಳೇದು. ಯಾರ ಫೋಟೋ ಯಾರ ಹಾಗಿರುತ್ತೆ ಹೇಳಿ? ನನ್ನ ಚೀಟೀಲಿ ನಾನೇ ಕಳ್ಳನ ಹಾಗೆ ಕಾಣ್ತೀನಿ.”

“ಅದೊಂದು ಫೋಟೋ ಚೆನ್ನಾಗಿ ಬಂದಿದೆ ಅನ್ನಿ.”

ವಕೀಲರು ಈ ಮಾತಿಗೂ ನಕ್ಕರು. ಮೆಕ್ಯಾನಿಕ್‌ನ ತಾಳ್ಮೆ ಕಿತ್ತುಹೋಯಿತು.

“ಫೀಸು ತಗೊಂಡ್ರಲ್ಲ ಸಾರ್, ಏನು ಮಾಡಿದ್ರಿ ಅದಕ್ಕೆ? ತಿಂಗಳುಗಟ್ಟಲೆ ಅಲೆಸಿದ್ರಿ. ಜೆರಾಕ್ಸ್‌ಗೆ ಬೇರೆ, ಕವರಿಗೆ ಬೇರೆ, ಅಂಟಿಗೆ ಬೇರೆ ಕಿತ್ತುಕೊಂಡ್ರಿ. ಮಾರೋಳು ಯಾರು ಅಂತ ನೋಡೋದು ಯಾರ ಕೆಲಸ? ನಂದಾ? ನಾನು ಒಂದು ಲಿಫ್ಟು ರಿಪೇರಿ ಮಾಡಿ ಅದು ಬಿದ್ರೆ, ‘ನಾನು ಹಗ್ಗ ನೋಡೋನಲ್ಲ’ ಅಂತ ಹೇಳೋಕಾಗುತ್ತಾ?”

“ನಿಮ್ಮ ನೋವು ನನಗೆ ಅರ್ಥ ಆಗುತ್ತಪ್ಪ. ಮೋಸ ಹೋಗಿರೋದು ನಾವೂನೂ.”

ನಾನು ಚೀಲದಿಂದ ಬೀಗದ ಕೈಗಳ ಗೊಂಚಲನ್ನು ತೆಗೆದು ಅವರ ಮೇಜಿನ ಮೇಲೆ ಎಸೆದೆ.

“ಇದು ಎಲ್ಲಿಂದ ಬಂತು?”

ವಕೀಲರು ಅದನ್ನು ಮುಟ್ಟಲಿಲ್ಲ. “ಮಾರಿದವರು ಕೊಟ್ಟರು. ನಾವು ಇವರಿಗೆ ದಾಟಿಸಿದ್ವಿ.”

“ಸರಿಯಾಗಿ ನೋಡಿ. ಮುಂಬಾಗಿಲು, ಹಿಂಬಾಗಿಲು, ತಾರಸಿ ಬಾಗಿಲು, ಅಡುಗೆಮನೆ ಕಪಾಟು, ಕೊನೆಗೆ ಮೀಟರ್ ಡಬ್ಬಿದೂ ಇದೆ. ಎಲ್ಲದರ ಹಲ್ಲೂ ಸವೆದಿದೆ. ಹೊಸದಾಗಿ ಮಾಡಿಸಿದ್ದು ಒಂದೂ ಇಲ್ಲ. ಮುಂಬಾಗಿಲಿನದಕ್ಕೆ ಕತ್ತಲಲ್ಲಿ ಕೈಗೆ ಸಿಗಲಿ ಅಂತ ಯಾರೋ ಉಣ್ಣೆ ದಾರ ಸುತ್ತಿದ್ದಾರೆ. ಕಳ್ಳಿ ಹೆಸರು ಕದೀಬಹುದು ವಕೀಲರೇ, ಸಹಿ ಕದೀಬಹುದು. ವರ್ಷಗಟ್ಟಲೆ ಆ ಮನೇಲಿ ಬಳಸಿದ ಗೊಂಚಲು ಅವಳಿಗೆ ಹೇಗೆ ಸಿಕ್ತು?”

“ಅದನ್ನ ಒಡತಿನ ಕೇಳಿ.”

“ಕೇಳಿದೆ. ಅವಳ ಕೀ ಅವಳ ಹತ್ರಾನೇ ಇದೆಯಂತೆ. ಮನೆ ಬಾಡಿಗೆಗೆ ಕೊಡೋಣ ಅಂತ ಇನ್ನೊಂದು ಗೊಂಚಲನ್ನ ಒಂದು ಕಾಲದಲ್ಲಿ ನಿಮ್ಮ ಕಚೇರಿಗೆ ಕೊಟ್ಟಿದ್ದಳಂತೆ.”

ಬೆಣ್ಣೆ ಗಟ್ಟಿಯಾಯಿತು. ನಗು ಮುಖದಲ್ಲೇ ಇತ್ತು, ಆದರೆ ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ಇತ್ತು. ನನಗೆ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ. ಸಿಕ್ಕಿಬಿದ್ದ ಇಂಥವರ ಮುಖ ನೋಡುವುದಕ್ಕೇ ನಾನು ಈ ಕೆಲಸ ಹಿಡಿದದ್ದು.

ಆ ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ.

“ಸೀಲಪ್ಪಾ,” ಎಂದು ವಕೀಲರು ನನ್ನ ಮೇಲಿಂದ ಕಣ್ಣು ತೆಗೆಯದೆ ಕೂಗಿದರು. “ಇವರ ಫೈಲಿಂದ ಸಾಕ್ಷಿ ಹಾಳೆ ತಗೊಂಡು ಬಾ.”

ಫೈಲು ಮೇಲೇನೂ ಇರಲಿಲ್ಲ. ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಬಂತು.

ವಕೀಲರು ಪಾಠ ಒಪ್ಪಿಸುವವರಂತೆ ಓದಿದರು. “‘ಮಾರಾಟಗಾರರನ್ನು ನಾನು ಹತ್ತು ವರ್ಷಗಳಿಂದ ಖುದ್ದಾಗಿ ಬಲ್ಲೆ. ಇವರೇ ಮನೆಯ ಒಡತಿ ಎಂದು ದೃಢೀಕರಿಸುತ್ತೇನೆ.’ ಕೆಳಗೆ ಸಹಿ. ಸಹಿ ಯಾರದು ಅಂತ ನೀವೇ ಹೇಳಿಬಿಡಿಯಪ್ಪ.”

ಹಾಳೆಯನ್ನು ಮೆಕ್ಯಾನಿಕ್‌ನ ಕಡೆ ತಿರುಗಿಸಿದರು. ಅವನು ಬಗ್ಗಿ ನೋಡಿದ. ಅವನ ಕಿವಿ ಕೆಂಪಾಗುತ್ತ ಬಂತು.

“ಇದು ನಮ್ಮ ಅತ್ತೆ ಸೈನು,” ಎಂದ.

ಹೆಲ್ಮೆಟ್ ಮೇಲೆ ಗೀಚಿದ ಸಹಿ ನನ್ನ ಕಣ್ಣ ಮುಂದೆ ಬಂತು.

“ಬೆಂಚಿನ ಮೇಲೆ ಕೂತೋರ ಹತ್ರ ಹಾಕಿಸ್ಕೋತೀರಿ,” ಎಂದು ಮೇಜು ಗುದ್ದಿದೆ. “ಈಗ ತಾನೇ ನೋಡಿದೆ. ಇವರ ಕಾಗದಕ್ಕೆ ಅವರು, ಅವರ ಕಾಗದಕ್ಕೆ ಇವರು. ಗುರುತಿಲ್ಲ, ಪರಿಚಯವಿಲ್ಲ. ಬೇಡ ಅಂದ್ರೆ ಫೈಲು ಮೇಲಕ್ಕೆ ಹೋಗುತ್ತೆ!”

“ನಾವೇನು ಕೈ ಹಿಡಿದು ಹಾಕಿಸಿದ್ವಾ ತಾಯೀ? ದೊಡ್ಡವರು. ಓದಿ ಹಾಕಬೇಕಿತ್ತು.” ದನಿ ಮತ್ತೆ ಮೊದಲಿನಷ್ಟೇ ಮೆತ್ತಗಾಗಿತ್ತು. “ಕಳ್ಳಿಯನ್ನ ‘ಇವಳೇ ಒಡತಿ’ ಅಂತ ಬರೆದುಕೊಟ್ಟಿರೋದು ನಾನಲ್ಲ, ಇವರ ಅತ್ತೆ. ಪೊಲೀಸರು ಇದನ್ನ ನೋಡಿದ್ರೆ ಜೊತೆಗಾತಿ ಅಂತ ಮೊದಲು ಅವರನ್ನೇ ಒಳಗೆ ಹಾಕ್ತಾರೆ. ಇವರು ನನ್ನ ಮೇಲೆ ಕೊಟ್ಟಿರೋ ದೂರು ವಾಪಸ್ ತಗೊಳ್ಳಲಿ, ಗಲಾಟೆ ಇಲ್ಲದೆ ಮನೆ ಬಿಡಲಿ. ಈ ಹಾಳೆ ನನ್ನ ಕಪಾಟಲ್ಲೇ ಮಲಗಿರುತ್ತೆ. ನಿಧಾನವಾಗಿ ಯೋಚನೆ ಮಾಡಿ. ಸಾಯಂಕಾಲದ ತನಕ ಟೈಮಿದೆ.”

ಅವರ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡೊಂದಿತ್ತು. ಅದನ್ನು ಎತ್ತಿ ಎಲ್ಲಿಗೆ ಎಸೆಯಬೇಕು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಬೀಗದ ಕೈಗಳನ್ನಷ್ಟೇ ಎತ್ತಿಕೊಂಡು ಹೊರಟೆ.

ನಾವು ದಾಟುವಾಗ ಸೀಲಪ್ಪ ಗೋಡೆಯ ಕಡೆ ತಿರುಗಿ ಫೋನಿನಲ್ಲಿ ಪಿಸುಗುಡುತ್ತಿದ್ದ. ಇದೊಂದು ಸಲ ಅವನ ಕೈ ಖಾಲಿಯಿತ್ತು. ಸೀಲು ಮೇಜಿನ ಮೇಲಿತ್ತು.

ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲಿಳಿಯುತ್ತ ಮೆಕ್ಯಾನಿಕ್ ಸಿಡಿದ.

“ಹತ್ತು ವರ್ಷದ ಪರಿಚಯವಂತೆ! ನಮಗೆ ಒಂದು ಮಾತು ಹೇಳಿಲ್ಲ. ಈ ವಕೀಲನ ಹತ್ರಾನೇ ಹೋಗೋಣ, ಅಗ್ಗಕ್ಕೆ ಮಾಡಿಕೊಡ್ತಾನೆ ಅಂತ ಹಟ ಹಿಡಿದಿದ್ದು ಯಾರು ಗೊತ್ತಾ? ಇದೇ ಅತ್ತೆ.”

“ಕಣ್ಣುಮುಚ್ಚಿ ಹಾಕಿರ್ತಾರೆ. ಅಲ್ಲಿ ಎಲ್ಲಾರೂ ಹಾಗೇ ಹಾಕೋದು.”

“ಯಾರು, ನಮ್ಮತ್ತೆ? ಔಷಧಿ ಬಾಟ್ಲಿ ಮೇಲಿರೋದನ್ನ ಎರಡೆರಡು ಸಲ ಓದಿ ಆಮೇಲೆ ಬಿರಡೆ ತೆಗೆಯೋರು. ಲೈಟ್ ಬಿಲ್ಲಿನ ಹಿಂದಿನ ಪುಟಾನೂ ಬಿಡಲ್ಲ. ಅವರು ಓದದೇ ಸೈನ್ ಹಾಕಿದ್ರು ಅಂತ ನನ್ನ ಕಿವಿಗೆ ಹೂ ಇಡಬೇಡಿ ಮೇಡಂ.”

ಅವನ ಸಿಟ್ಟಿನಲ್ಲಿ ಹುರುಳಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ನಾನೂ ಅವನ ಅತ್ತೆಯ ಮೇಲೆ ಸಂಶಯ ಹೊಸೆಯುತ್ತಲೇ ಕೂತೆ.

ಮನೆ ಓಣಿಯ ಕೊನೆಯಲ್ಲಿತ್ತು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಒಂದು ಗೋಡೆಗೆ ಬಣ್ಣ ಸಾಲದೆ ಅರ್ಧಕ್ಕೇ ನಿಂತಿತ್ತು. ಕಿಟಕಿಗೆ ಮಗಳು ಹೊಲಿದ ಪರದೆ, ಬಾಗಿಲ ಪಕ್ಕ ಅಳಿಯ ಮೊಳೆ ಹೊಡೆದು ಕೂರಿಸಿದ ಚಪ್ಪಲಿ ಗೂಡು. ಮಗಳು ಕೆಲಸಕ್ಕೆ ಹೋಗಿದ್ದಳು. ಮೆಕ್ಯಾನಿಕ್ ಹೊರಗಿನ ಮೆಟ್ಟಿಲ ಮೇಲೆ ದೊಪ್ಪನೆ ಕೂತುಬಿಟ್ಟ.

“ನಾನು ಒಳಗೆ ಬರಲ್ಲ. ಬಂದ್ರೆ ಆಡಬಾರದ್ದು ಆಡಿಬಿಡ್ತೀನಿ. ನೀವೇ ಕೇಳಿ.”

ಅತ್ತೆ ಅಡುಗೆಮನೆಯಲ್ಲಿ ಮೊದಲೇ ಹೊಳೆಯುತ್ತಿದ್ದ ಕೆಟಲನ್ನು ಮತ್ತೆ ಉಜ್ಜುತ್ತಿದ್ದರು. ಒಣಕಲು ಮೈ, ನೆಟ್ಟಗಿನ ಬೆನ್ನು, ಹಣೆಯ ಮೇಲೆ ಏರಿಸಿಟ್ಟ ಕನ್ನಡಕ. ನಾನು ಸುತ್ತಿ ಬಳಸಿ ಮಾತಾಡಲಿಲ್ಲ.

“ಅಮ್ಮ, ಮಾರಿದವಳನ್ನ ಹತ್ತು ವರ್ಷದಿಂದ ಬಲ್ಲೆ ಅಂತ ಸೈನ್ ಹಾಕಿದ್ದೀರಿ. ಹಾಳೆ ನೋಡಿ ಬಂದೆ.”

ಕೆಟಲ್ ಉಜ್ಜುವುದು ನಿಂತಿತು.

“ಅಳಿಯ ನೋಡಿದ್ನಾ?”

“ನೋಡಿದ್ರು.”

ಅವರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದರು. ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು.

“ನೋಡಮ್ಮ,” ಎಂದರು. “ಅವತ್ತು ಬೆಂಚಿನ ಮೇಲೆ ಅಳಿಯನ ಪಕ್ಕ ಕೂತಿದ್ದೆ. ಆ ಸೀಲಪ್ಪ ಬಂದು, ‘ಆಚೆ ರೂಮಿನೋರಿಗೆ ಸಾಕ್ಷಿ ಇಲ್ಲ, ನೀವೊಂದು ಸೈನ್ ಹಾಕಿದ್ರೆ ಇವತ್ತೇ ಮುಗಿದುಹೋಗುತ್ತೆ’ ಅಂದ. ಅಷ್ಟು ಅಲೆದಮೇಲೆ ಇವತ್ತೇ ಮುಗಿಯುತ್ತೆ ಅಂದ್ರೆ ಯಾರು ಬೇಡ ಅಂತಾರೆ?”

“ಬೆಂಚಿಗೇ ತಂದುಕೊಟ್ನಾ?”

“ತಂದುಕೊಡ್ತಿದ್ದ. ನಾನೇ ಅವನ ಹಿಂದೆ ಹೋದೆ. ನಮಗೆ ಮನೆ ಮಾರೋಳ ಮುಖ ಒಂದು ಸಲ ನೋಡೋಣ ಅನ್ನಿಸ್ತು. ನೀರಿನ ಮೋಟಾರಿನ ವಿಷಯ ಕೇಳೋದಿತ್ತು.”

ನನ್ನ ಕಿ‌ವಿ ನೆಟ್ಟಗಾಯಿತು. “ನೀವು ಆಚೆ ರೂಮಿಗೆ ಹೋದ್ರಾ? ಒಳಗೆ?”

“ಹೋದೆ. ಸೋಫಾದ ಮೇಲೆ ಕೂತಿದ್ದಳು. ನನ್ನ ವಯಸ್ಸಿನೋಳೇ. ಮೋಟಾರು ಸದ್ದು ಮಾಡುತ್ತಾ ಅಂತ ಕೇಳಿದೆ. ‘ಮಾಡುತ್ತೆ, ಎಡಗಡೆಯಿಂದ ಒಂದು ಒದ್ದರೆ ಸುಮ್ಮನಾಗುತ್ತೆ’ ಅಂದಳು.”

“ಆಗುತ್ತಾ?”

“ದಿನಾ ಒದೀತೀನಿ. ಆಗುತ್ತೆ.”

ಕಳ್ಳಿಗೆ ಮೋಟಾರಿನ ಎಡಗಡೆ ಹೇಗೆ ಗೊತ್ತು? ಕೇಳಿಕೊಳ್ಳುತ್ತಿದ್ದಂತೆಯೇ ಉತ್ತರ ಎಲ್ಲೋ ಹತ್ತಿರ ನಿಂತಿದೆ ಅನ್ನಿಸಿತು. ಆದರೆ ಕೈಗೆ ಸಿಗಲಿಲ್ಲ.

“ಹಾಳೆಯನ್ನ ಯಾಕೆ ಓದಲಿಲ್ಲ ಅಮ್ಮ? ನೀವು ಓದದೇ ಸೈನ್ ಹಾಕೋರಲ್ಲ ಅಂತಾರೆ ಅಳಿಯ.”

“ಹೇಗೆ ಓದಲಿ?” ಅತ್ತೆಯ ಧ್ವನಿಗೆ ಜೀವ ಬಂತು, ಅದರಲ್ಲಿ ಹಳೆಯ ಉರಿಯೂ ಇತ್ತು. “ಅವಳು ಕನ್ನಡಕ ಮರೆತು ಬಂದಿದ್ದಳು. ನಂದು ಕೇಳಿದಳು, ಕೊಟ್ಟೆ. ಹಾಕ್ಕೊಳ್ಳೋ ಮುಂಚೆ ಒರೆಸಿ ಒರೆಸಿ, ‘ಎಷ್ಟು ಜಿಡ್ಡು ಮಾಡಿಟ್ಟಿದ್ದೀರಿ’ ಅಂದಳು. ನನಗೆ! ಬೇರೆಯೋರ ಕನ್ನಡಕ ಇಸ್ಕೊಂಡು ಮೇಲೆ ಮಾತು ಬೇರೆ. ಅವಳು ಅದನ್ನ ಹಾಕ್ಕೊಂಡು ಅವಳ ಕಾಗದಕ್ಕೆ ಸೈನ್ ಹಾಕ್ತಿದ್ದಳು. ಅದೇ ಹೊತ್ತಿಗೆ ಸೀಲಪ್ಪ ನನ್ನ ಮುಂದೆ ಹಾಳೆ ಹಿಡಿದು ಬೆರಳಿಟ್ಟು ತೋರಿಸಿದ. ಬೆರಳಿಟ್ಟ ಕಡೆ ಹಾಕಿದೆ.”

ತಲೆಯ ಮೇಲಿಂದ ಒಂದು ಮೂಟೆ ಇಳಿದಂತಾಯಿತು. ಪಾಪದ ಹೆಂಗಸಿನ ಮೇಲೆ ಬಸ್ಸಿನಲ್ಲಿ ಏನೇನು ಹೊಸೆದಿದ್ದೆ! ಅವರು ಕುರುಡಾಗಿ ಸಹಿ ಹಾಕಿದ್ದು ನಿಜ, ಆದರೆ ಕಳ್ಳಿಯನ್ನು ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ್ದರು. ಕನ್ನಡಕ ಬೇಕಾದದ್ದು ಅಕ್ಷರಕ್ಕೆ, ಮುಖಕ್ಕಲ್ಲ.

“ಮತ್ತೆ ನೋಡಿದ್ರೆ ಗುರುತು ಹಿಡೀತೀರಾ ಅವಳನ್ನ?”

ಅತ್ತೆ ಕೆಟಲನ್ನು ಮತ್ತೆ ಕೈಗೆತ್ತಿಕೊಂಡರು.

“ಅಮ್ಮ?”

“ಮತ್ತೆ ನೋಡಾಯ್ತು,” ಎಂದರು. “ನಮ್ಮ ಬಾಗಿಲಲ್ಲೇ ನೋಡಿದೆ. ‘ಇದು ನನ್ನ ಮನೆ, ನಾನು ಯಾರಿಗೂ ಮಾರಿಲ್ಲ’ ಅಂತ ಕೂಗ್ತಿದ್ಲಲ್ಲ. ಅವಳೇ.”

ಕಳ್ಳಿಯನ್ನು ಊರೆಲ್ಲ ಹುಡುಕಿದ್ದೆ. ಅಂಥ ಕಳ್ಳಿಯೇ ಇರಲಿಲ್ಲ. ಒಡತಿಯೇ ಬಂದು, ಒಡತಿಯೇ ಬೇಕೆಂದು ಸೊಟ್ಟ ಸಹಿ ಹಾಕಿ, ದುಡ್ಡು ಎತ್ತಿಕೊಂಡು, ಈಗ ‘ಅದು ನಾನಲ್ಲ’ ಎಂದು ಮನೆಯನ್ನೂ ಕೇಳುತ್ತಿದ್ದಳು. ಸವೆದ ಗೊಂಚಲು, ಎಡಗಡೆಯಿಂದ ಒದೆಯಬೇಕಾದ ಮೋಟಾರು, ಎರಡೂ ಅವಳವೇ. ಮಾರಿದವಳು ಒಡತಿಯೇ ಎಂದಾದರೆ ಈ ಮನೆ ಇವರದೇ. ಇದರ ಒಂದು ಇಟ್ಟಿಗೆಯನ್ನೂ ಯಾರೂ ಅಲುಗಿಸಲಾಗದು. ಅದಕ್ಕೆ ಇಡೀ ಜಗತ್ತಿನಲ್ಲಿ ಇರುವ ಸಾಕ್ಷಿ ಈ ಸ್ಟೂಲಿನ ಮೇಲೆ ಕೂತಿರುವ ಒಂದು ಜೀವ.

“ಇಷ್ಟು ದಿನ ಯಾಕೆ ಬಾಯಿಗೆ ಬೀಗ ಹಾಕ್ಕೊಂಡ್ರಿ?” ರೇಗಿದೆ.

“ಹೇಳಿದೆನಲ್ಲ! ಅವತ್ತೇ ಆ ವಕೀಲನಿಗೆ ಫೋನ್ ಮಾಡಿ ಹೇಳಿದೆ. ಆಗಲೇ ಅವನು ಆ ಹಾಳೇಲಿರೋದನ್ನ ಓದಿ ಹೇಳಿದ್ದು. ‘ಹತ್ತು ವರ್ಷದ ಪರಿಚಯ ಅಂತ ಸುಳ್ಳು ಬರೆದುಕೊಟ್ಟಿದ್ದೀರಿ ತಾಯೀ, ಬಾಯಿ ಬಿಟ್ಟರೆ ನೀವೇ ಜೈಲಿಗೆ ಹೋಗ್ತೀರಿ. ಯಾರಿಗೂ ಹೇಳಬೇಡಿ, ನಾನು ನೋಡ್ಕೋತೀನಿ’ ಅಂದ. ಅಳಿಯನಿಗೆ ಹೇಳೋಣ ಅಂದ್ರೆ…” ಬಾಗಿಲ ಕಡೆ ನೋಡಿದರು. “ಅವನ ಕಣ್ಣಲ್ಲಿ ನಾನು ಮೊದಲೇ ತಲೆನೋವು. ನನ್ನ ಸೈನಿಂದಾನೇ ಮನೆ ಹೋಯ್ತು ಅಂತ ಗೊತ್ತಾದ್ರೆ ಈ ಮುಖ ಎಲ್ಲಿಡಲಿ?”

ಬೆಣ್ಣೆ ವಕೀಲರಿಗೆ ಎಲ್ಲ ಗೊತ್ತಿತ್ತು. ಕಳ್ಳಿ, ಕಳ್ಳಿ ಎಂದು ನನ್ನೆದುರು ಲೊಚಗುಟ್ಟುತ್ತ ಕೂತಿದ್ದ ಆ ಮನುಷ್ಯನಿಗೆ ಕಳ್ಳಿ ಯಾರೆಂದು ಮೊದಲ ದಿನದಿಂದಲೇ ಗೊತ್ತಿತ್ತು.

“ಏಳಿ ಅಮ್ಮ. ಈಗಲೇ ಪೊಲೀಸ್ ಸ್ಟೇಷನ್‌ಗೆ ಹೋಗೋಣ. ಓದದೇ ಸೈನ್ ಹಾಕಿದೆ ಅಂತ ನೀವೇ ಮೊದಲು ಹೇಳಿಬಿಡಿ. ಅವಳ ಮುಖ ನೋಡಿದೆ ಅಂತಾನೂ ಹೇಳಿ. ಮೊದಲು ಹೇಳಿದೋರ ಮಾತಿಗೆ ಬೆಲೆ.”

“ಅಳಿಯನಿಗೆ?”

“ದಾರೀಲಿ ನಾನು ಹೇಳ್ತೀನಿ.”

ಅತ್ತೆ ಎದ್ದರು. ಕೈ ಒರೆಸಿಕೊಂಡರು. ಏನೋ ಒಂದು ನಿರ್ಧಾರವಾದವರ ಹಾಗೆ ಗಲ್ಲ ಮೇಲಾಯಿತು. ಇಬ್ಬರೂ ಹಜಾರಕ್ಕೆ ಬಂದೆವು.

ಬಾಗಿಲಾಚೆ ಜೀಪು ನಿಂತ ಸದ್ದಾಯಿತು.

ಮೆಕ್ಯಾನಿಕ್ ಮೆಟ್ಟಿಲಿಂದ ಎದ್ದು ಪಕ್ಕಕ್ಕೆ ಸರಿದ. ಇನ್ಸ್‌ಪೆಕ್ಟರ್ ಒಳಗೆ ಬಂದರು, ಕೈಯಲ್ಲಿ ನಾನು ಆಗ ತಾನೇ ನೋಡಿ ಬಂದಿದ್ದ ಸಾಕ್ಷಿ ಹಾಳೆ. ಸಾಯಂಕಾಲದ ತನಕ ಟೈಮು ಕೊಟ್ಟ ವಕೀಲರು ನಾವು ಬಸ್ಸು ಹತ್ತುವ ಮೊದಲೇ ಅದನ್ನು ಕಳಿಸಿದ್ದರು. ಇನ್ಸ್‌ಪೆಕ್ಟರ್ ಹಿಂದೆ ಒಬ್ಬ ಮಹಿಳಾ ಪೇದೆ. ಅವಳ ಹಿಂದೆ ಅಚ್ಚುಕಟ್ಟಾಗಿ ತಲೆ ಬಾಚಿಕೊಂಡು ಮನೆಯ ಒಡತಿ.

ಅತ್ತೆಯ ಬಲಗೈ ಮೇಲೇಳುತ್ತಿತ್ತು. ಬಾಯಿ ತೆರೆದಿದ್ದರು.

ಒಡತಿಯ ಬೆರಳು ಅದಕ್ಕಿಂತ ಮೊದಲು ಎದ್ದಿತು.

“ಇವಳೇ ಸಾರ್! ನಾನು ಮಗನ ಮನೆಗೆ ಹೋಗೋ ಮುಂಚೆ ಮನೆಗೆಲಸ ಕೇಳ್ಕೊಂಡು ಬಂದು ಮೂಲೆ ಮೂಲೆ ನೋಡಿಕೊಂಡು ಹೋದವಳು. ಸಾಕ್ಷಿ ಅಂತ ತನ್ನ ಸೈನ್ ಹಾಕಿ, ಕ್ರಯಪತ್ರಕ್ಕೆ ನನ್ನ ಹೆಸರಲ್ಲೂ ಸೈನ್ ಹಾಕಿರೋಳು ಇವಳೇ!”

“ಅಯ್ಯೋ, ಅವಳೇ!” ಅತ್ತೆ ಕಿರುಚಿದರು. “ಮಾರಿದೋಳು ಅವಳೇ ಸಾರ್, ನಾನು ಕಣ್ಣಾರೆ ನೋಡಿದೀನಿ!”

ಮೊದಲ ಬೆರಳು ದೂರು. ಎರಡನೆಯ ಬೆರಳು ಬರೀ ಜಗಳ. ಇನ್ಸ್‌ಪೆಕ್ಟರ್ ಮುಖದಲ್ಲೇ ಅದು ಕಾಣುತ್ತಿತ್ತು.

“ಇನ್ಸ್‌ಪೆಕ್ಟರ್, ಒಂದು ನಿಮಿಷ ನನ್ನ ಮಾತು ಕೇಳಿ,” ಎಂದು ಮುಂದೆ ಬಂದೆ.

“ನಿಮ್ಮನ್ನ ಕೇಳಿಲ್ಲ.” ಅವರು ಬಾಗಿಲ ಕಡೆ ತಿರುಗಿದರು. “ಏನಪ್ಪ, ಇವರು ನಿಮ್ಮ ಅತ್ತೆ ತಾನೇ? ಅವತ್ತು ಮಾರಿದವರು ಸೈನ್ ಹಾಕೋ ಹೊತ್ತಲ್ಲಿ ಇವರು ನಿಮ್ಮ ಜೊತೆ ಬೆಂಚಲ್ಲೇ ಕೂತಿದ್ರಾ?”

“ಉತ್ತರ ಕೊಡಬೇಡಿ!” ನಾನು ಕೂಗಿದೆ. “ಮೊದಲು ನನ್ನ ಮಾತು ಕೇಳಿ, ಒಳಗೆ ಏನು ಹೇಳಿದ್ರು ಅಂತ…”

ಪೇದೆ ನನ್ನ ತೋಳು ಹಿಡಿದಳು. ಮೆಕ್ಯಾನಿಕ್ ನನ್ನನ್ನು ನೋಡಿದ. ಆಮೇಲೆ ಅತ್ತೆಯನ್ನು ನೋಡಿದ. ಅವನಿಗೆ ಗೊತ್ತಿದ್ದುದು ಆ ಹಾಳೆಯೊಂದೇ, ಹೊಟ್ಟೆಯೊಳಗಿದ್ದುದು ಸಿಟ್ಟೊಂದೇ. ಅತ್ತೆ ಅವನ ಕಡೆ ಕೈ ಚಾಚಿದರು, ಬೇಡುವವರ ಹಾಗೆ.

“ಇಲ್ಲ ಸಾರ್,” ಎಂದ. “ನನ್ನ ಪಕ್ಕ ಇರಲಿಲ್ಲ. ಎದ್ದು ಆಚೆ ರೂಮಿಗೆ ಹೋಗಿದ್ರು.”